ಯಾರ ಮನೆಯ ಫ್ರಿಜ್ಜು

ಮನೆಯ ಉಗ್ರಾಣದ ಬಾಗಿಲಿಗೆ ‘ಸ್ಟುಡಿಯೋ’ ಎಂದು ಬೋರ್ಡು ಬರೆಸಿ ಹಾಕಿದ ದಿನವೇ ನಮ್ಮ ಗುಮಾಸ್ತರ ನೆಮ್ಮದಿ ಗಂಟುಮೂಟೆ ಕಟ್ಟಿಕೊಂಡು ಹೊರಟಿತು ಎನ್ನಬೇಕು. ಅದುವರೆಗೆ ಆ ಕೋಣೆಯಲ್ಲಿ ಅಕ್ಕಿ ಡಬ್ಬ, ಕತ್ತು ಮುರಿದ ಟೇಬಲ್ ಫ್ಯಾನು, ಯಾರೂ ಓದದ ಪುಸ್ತಕಗಳು ಇದ್ದವು. ಬೋರ್ಡು ಬಂದ ಮೇಲೂ ಅವೆಲ್ಲ ಅಲ್ಲೇ ಇದ್ದವು. ಅವುಗಳ ನಡುವೆ ಒಂದು ಮೇಜು, ಒಂದು ಲ್ಯಾಪ್‌ಟಾಪು, ಯಾವುದೋ ವಾದ್ಯಗೋಷ್ಠಿಯವರು ಬೇಡವೆಂದು ಮಾರಿದ ಮೈಕು, ಎರಡೂ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನು ಬಂದು ಸೇರಿಕೊಂಡವು. ಸದ್ದು ಹೀರಲಿ ಎಂದು ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದಿದ್ದರಿಂದ, ಒಳಗೆ ಕಾಲಿಟ್ಟವರಿಗೆ ಮೊದಲು ಸೀನು ಬರುತ್ತಿತ್ತು.

ಗುಮಾಸ್ತರ ಉದ್ಯೋಗ ಜನನ ಮರಣ ನೋಂದಣಿ ಕಚೇರಿಯ ಮೂರನೇ ಕೌಂಟರಿನಲ್ಲಿ. ಹುಟ್ಟಿದವರನ್ನೂ ಸತ್ತವರನ್ನೂ ಇಪ್ಪತ್ತು ವರ್ಷದಿಂದ ಒಂದೇ ಕಂಪ್ಯೂಟರಿಗೆ ಏರಿಸಿ ಏರಿಸಿ, ಕಂಪ್ಯೂಟರಿನ ವಿಷಯದಲ್ಲಿ ತಮಗೆ ತಿಳಿಯದ್ದು ಇಲ್ಲವೆಂಬ ತೀರ್ಮಾನಕ್ಕೆ ಅವರು ಬಂದಿದ್ದರು. ಕಟ್ಟಡದ ಮೆಟ್ಟಿಲಲ್ಲಿ ಯಾರು ಸಿಕ್ಕರೂ, ರೆಕಾರ್ಡಿಂಗ್ ಎಂದರೆ ಫೋನ್ ಎತ್ತಿ ಕೆಂಪು ಗುಂಡಿ ಒತ್ತುವುದಲ್ಲ, ಅದೊಂದು ಶಾಸ್ತ್ರ ಎಂದು ವಿವರಿಸುತ್ತಿದ್ದರು. ಹೀಗಾಗಿ ಅಕ್ಕಪಕ್ಕದವರು ಅವರನ್ನು ‘ಸ್ಟುಡಿಯೋ ಸಾಹೇಬ್ರು’ ಎಂದು ಕರೆಯತೊಡಗಿದ್ದರು. ಅದರಲ್ಲಿ ಗೌರವ ಎಷ್ಟು, ಮಿಕ್ಕಿದ್ದು ಎಷ್ಟು ಎಂದು ಗುಮಾಸ್ತರು ಯೋಚಿಸಲು ಹೋಗಿರಲಿಲ್ಲ. ಆ ಸ್ಟುಡಿಯೋದಲ್ಲಿ ಅದುವರೆಗೆ ಧ್ವನಿಮುದ್ರಣವಾಗಿದ್ದದ್ದು ಗುಮಾಸ್ತರೇ ‘ಟೆಸ್ಟಿಂಗ್, ಒಂದು, ಎರಡು, ಮೂರು’ ಎಂದ ಹದಿನಾಲ್ಕು ಫೈಲುಗಳು ಮಾತ್ರ.

ಹೀಗಿರುವಾಗ ಅಕ್ಕ ಬಂದರು. ಅಕ್ಕ ಎಂದರೆ ಗುಮಾಸ್ತರಿಗಿಂತ ಹನ್ನೆರಡು ವರ್ಷ ದೊಡ್ಡವರು. ಅಮ್ಮ ತೀರಿಕೊಂಡಾಗ ಏಳು ವರ್ಷದ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೊಲಿಗೆ ಮಿಷನ್ ತುಳಿದೇ ಅವನನ್ನು ಓದಿಸಿ ಮೂರನೇ ಕೌಂಟರಿನವರೆಗೆ ತಲುಪಿಸಿದವರು. ಈಗ ಅವರ ಗಂಟಲಲ್ಲೊಂದು ಗಂಟು ಬೆಳೆದಿತ್ತು. ಸೋಮವಾರ ಬೆಳಿಗ್ಗೆ ಆಪರೇಷನ್. ಜೀವಕ್ಕೇನೂ ತೊಂದರೆಯಿಲ್ಲ, ಆದರೆ ದನಿ ಮೊದಲಿನಂತೆಯೇ ಬರುತ್ತದೆಂದು ಮಾತು ಕೊಡಲಾರೆ ಎಂದಿದ್ದರು ಡಾಕ್ಟರು. ಅಲ್ಲಿಯವರೆಗೆ ಮಾತು ಕಡಿಮೆ. ಹಾಡಲೇಬೇಕೆಂದರೆ ದಿನಕ್ಕೆ ಒಂದೇ ಸಲ, ಅದೂ ಮೆಲ್ಲಗೆ. ಅಕ್ಕ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಒಂದು ಸ್ಲೇಟು ಬಳಪ ಹಿಡಿದುಕೊಂಡೇ ಬಂದಿಳಿದಿದ್ದರು.

ಹಾಡಲೇಬೇಕಾದ ಹಾಡು ಒಂದಿತ್ತು. ಅದು ಅಮ್ಮ ತಾವೇ ಕಟ್ಟಿದ ಜೋಗುಳ. ಮನೆಯ ಒಂದೊಂದೇ ಸಾಮಾನನ್ನು ಮಲಗಿಸುತ್ತ ಹೋಗುವ ಹಾಡು: ‘ಚೊಂಬು ಮಲಗಿತು, ಚಾಪೆ ಮಲಗಿತು, ಬಾಗಿಲ ಚಿಲಕವೂ ಮಲಗಿತು, ನೀನೊಬ್ಬನೇ ಯಾಕೋ ಮಲಗಿಲ್ಲ.’ ಇದು ಪೂರ್ತಿ ಬರುತ್ತಿದ್ದದ್ದು ಈ ಪ್ರಪಂಚದಲ್ಲಿ ಅಕ್ಕನಿಗೆ ಮಾತ್ರ. ಗುಮಾಸ್ತರಿಗೆ ಮಾತುಗಳೆಲ್ಲ ಮರೆತುಹೋಗಿ, ಧಾಟಿಯಷ್ಟೇ ಅರ್ಧಂಬರ್ಧ ಉಳಿದಿತ್ತು. ಸೋಮವಾರದ ಒಳಗೆ ಅದನ್ನು ಹಿಡಿದಿಡದಿದ್ದರೆ ಅಮ್ಮನ ಹಾಡು ಅಕ್ಕನ ದನಿಯ ಜೊತೆಗೇ ಹೋಗಿಬಿಡಬಹುದಿತ್ತು. ಆ ಭಯ ಗುಮಾಸ್ತರಿಗೆ ನಿಜವಾಗಿಯೂ ಇತ್ತು.

ಫೋನಿನಲ್ಲಿ ಹಿಡಿದುಕೊಂಡರೆ ಆಗುವುದಿಲ್ಲವೇ ಎಂದು ಅವರ ಹೆಂಡತಿ ಕೇಳಿದರು. ಗುಮಾಸ್ತರು ಹೆಂಡತಿಯ ಕಡೆ, ಮರಣ ಪತ್ರಕ್ಕೆ ಜನನದ ಅರ್ಜಿ ತುಂಬಿ ತಂದವರನ್ನು ನೋಡುವ ಹಾಗೆ ನೋಡಿದರು.

“ಅಮ್ಮನ ಹಾಡು ಕಣೇ ಅದು. ಫೋನಲ್ಲಿ ಹಿಡಿದ್ರೆ ತಗಡಿನ ಡಬ್ಬದಲ್ಲಿ ತುಂಬಿಟ್ಟ ಹಾಗಿರುತ್ತೆ. ಸ್ಟುಡಿಯೋ ಯಾತಕ್ಕಿದೆ ಮತ್ತೆ?”

ಅಕ್ಕಿ ತೆಗೆಯೋಕೆ ಎಂಬ ಉತ್ತರ ಹೆಂಡತಿಯ ಬಾಯಿಯವರೆಗೆ ಬಂದಿತ್ತು. ಅತ್ತಿಗೆ ಎದುರಿಗಿದ್ದರೆಂದು ನುಂಗಿಕೊಂಡರು.

ಗುರುವಾರ ಸಂಜೆ ಮೊದಲ ಮುದ್ರಣ. ಅಕ್ಕ ಮೈಕಿನ ಮುಂದೆ ಕುಳಿತು ಕಣ್ಣು ಮುಚ್ಚಿ ನಾಲ್ಕೂ ನುಡಿ ಹಾಡಿದರು. ಗುಮಾಸ್ತರು ಹೆಡ್‌ಫೋನು ಏರಿಸಿಕೊಂಡು, ತಲೆಯಾಡಿಸುತ್ತ ಗುಂಡಿಗಳ ಮೇಲೆ ಕೈಯಾಡಿಸಿದರು. ಮುಗಿದ ಮೇಲೆ ಎಲ್ಲರಿಗೂ ಕೇಳುವಂತೆ ಹಾಕಿದರು. ‘ಚೊಂ ಟಪ್ ಲಗಿತು, ಚಾ ಟಪ್ ಟಪ್ ಗಿತು, ಬಾಗಿ ಟರ್ ಟಪ್’ ಎಂದಿತು ಲ್ಯಾಪ್‌ಟಾಪು. ಯಾರೋ ಹಾಡಿನ ಮೇಲೆ ಕಡಲೆ ಹುರಿಯುತ್ತಿದ್ದಂತಿತ್ತು. ಅಕ್ಕನ ಅಂದಿನ ದನಿ ಖರ್ಚಾಗಿಹೋಗಿತ್ತು.

ಗುಮಾಸ್ತರು ಸುಮ್ಮನೆ ಕೂರುವ ಪೈಕಿಯವರಲ್ಲ. ಲ್ಯಾಪ್‌ಟಾಪನ್ನು ಮೂರು ಸಲ ಆರಿಸಿ ಹೊತ್ತಿಸಿದರು. ಎಡಗಡೆಯ ವೈರನ್ನು ಬಲಗಡೆಗೆ ಚುಚ್ಚಿದರು. ಜಾಗ ಸಾಲದಾಗಿದೆಯೇನೋ ಎಂದು ತಮ್ಮದೇ ಹದಿನಾಲ್ಕು ಟೆಸ್ಟಿಂಗುಗಳನ್ನು ಕಲ್ಲುಮನಸ್ಸು ಮಾಡಿ ಅಳಿಸಿದರು. ಮದುವೆಯ ಫೋಟೋಗಳ ಮೇಲೂ ಕೈ ಹೋಯಿತು, ಆದರೆ ಅಷ್ಟರಲ್ಲಿ ಹೆಂಡತಿ ಬಂದು ಬಾಗಿಲಲ್ಲಿ ನಿಂತರು. ಮೇಲ್ಮನೆಯ ನಿವೃತ್ತ ರೈಲ್ವೆ ಗಾರ್ಡು, ಕಟ್ಟಡದ ಸಂಘದ ಕಾರ್ಯದರ್ಶಿಯೂ ಅವರೇ, ಗಲಾಟೆ ಕೇಳಿ ಇಳಿದುಬಂದು ಒಂದು ನೋಟ್ ಪುಸ್ತಕದಲ್ಲಿ ‘ಆರು ಗಂಟೆ ನಲವತ್ತು ನಿಮಿಷ, ಟಪ್ ಸದ್ದು ಮುಂದುವರಿದಿದೆ’ ಎಂದು ಬರೆದುಕೊಂಡು ಹೋದರು. ಮೈಕು ಮಾರಿದವರಿಗೆ ಫೋನ್ ಮಾಡಿದರೆ, ಅವರು ಮೈಕು ಮಾರಿದ್ದೇ ನೆನಪಿಲ್ಲ ಎಂದರು.

ಶುಕ್ರವಾರ ಕಚೇರಿಗೆ ಹೋದ ಗುಮಾಸ್ತರ ಕಿವಿಯಲ್ಲಿ ಟಪ್ ಟಪ್ ಇನ್ನೂ ಉಳಿದಿತ್ತು. ಕಚೇರಿಯಲ್ಲಿ ಬೇರೆಯದೇ ಅವಾಂತರ. ಮೇಲಿನಿಂದ ತಪಾಸಣೆಗೆ ಬರುವವರಿಗೆ ಜನ ಕಾಯುತ್ತ ಕುಳಿತಿರುವುದು ಕಾಣಬಾರದೆಂದು ಸಾಹೇಬರು ಹಜಾರದ ಬೆಂಚುಗಳನ್ನೆಲ್ಲ ಎತ್ತಿಸಿಬಿಟ್ಟಿದ್ದರು. ಬೆಂಚು ಹೋದವು, ಜನ ಹೋಗಲಿಲ್ಲ. ನಿಲ್ಲಲು ಜಾಗವಿಲ್ಲದೆ ಜನನದ ಸಾಲಿನವರು ಮರಣದ ಸಾಲಿಗೆ ಉರುಳಿ, ಮಗಳು ಹುಟ್ಟಿದ್ದನ್ನು ಬರೆಸಲು ಬಂದ ಒಬ್ಬರು ತಾವೇ ತೀರಿಕೊಂಡಿದ್ದೇವೆಂಬ ಫಾರಮ್ಮನ್ನು ಅರ್ಧ ತುಂಬಿಬಿಟ್ಟಿದ್ದರು. ಗುಮಾಸ್ತರು ಎಷ್ಟು ಬೇಗ ಕೈ ಆಡಿಸಿದರೂ ನಡುನಡುವೆ ಒಬ್ಬೊಬ್ಬರು ತಪ್ಪಿಹೋಗುತ್ತಿದ್ದರು.

“ಕೂತ್ಕೊಳ್ಳೋಕೆ ಎರಡು ಬೆಂಚು ಇದ್ದಿದ್ರೆ ಒಬ್ರೂ ತಪ್ತಿರ್ಲಿಲ್ಲ ಸಾರ್,” ಎಂದ ಜವಾನ, ಬಿದ್ದ ಚೀಟಿಗಳನ್ನು ಆರಿಸುತ್ತ. “ಸ್ವಲ್ಪ ತಡ ಆಗ್ತಿತ್ತು, ಅಷ್ಟೇ.”

ಗುಮಾಸ್ತರು ಕೈಯಲ್ಲಿದ್ದ ಮೊಹರನ್ನು ಹಾಗೇ ಎತ್ತಿ ಹಿಡಿದು ನಿಂತುಬಿಟ್ಟರು. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ‘ಬಫರ್’ ಎಂಬ ಒಂದು ಅಂಕಿ ಇರುತ್ತದೆ. ಬಂದ ಸದ್ದನ್ನು ಕಂಪ್ಯೂಟರು ಬರೆದುಕೊಳ್ಳುವ ತನಕ ಅದು ಕಾಯುವ ಜಾಗ. ಅದು ದೊಡ್ಡದಿದ್ದರೆ ಹಾಡಿದ್ದು ಹೆಡ್‌ಫೋನಿನಲ್ಲಿ ಒಂದು ಚೂರು ತಡವಾಗಿ ಕೇಳುತ್ತದೆ. ನಮ್ಮ ಸ್ಟುಡಿಯೋದಲ್ಲಿ ತಡ ಎಂಬುದೇ ಇಲ್ಲ ಎಂದು ಮೆಟ್ಟಿಲಲ್ಲಿ ಹೇಳಿಕೊಳ್ಳುವುದಕ್ಕಾಗಿ ಗುಮಾಸ್ತರು ಅದನ್ನು ಇರುವುದರಲ್ಲೇ ಚಿಕ್ಕದಕ್ಕೆ ಇಳಿಸಿಟ್ಟಿದ್ದರು. ಅಂದರೆ ಸಾಹೇಬರು ಕಚೇರಿಯಲ್ಲಿ ಮಾಡಿದ್ದನ್ನೇ ಇವರು ಮನೆಯಲ್ಲಿ ಮಾಡಿದ್ದರು. ಸಂಜೆ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡದೆ ಉಗ್ರಾಣಕ್ಕೆ ನುಗ್ಗಿ, ಆ ಅಂಕಿಯನ್ನು ಮೂವತ್ತೆರಡರಿಂದ ಸಾವಿರದ ಇಪ್ಪತ್ನಾಲ್ಕಕ್ಕೆ ಏರಿಸಿದರು. ಹೆಂಡತಿಯ ಕೈಯಲ್ಲಿ ಎರಡರ ಮಗ್ಗಿ ಹೇಳಿಸಿ ನೋಡಿದರೆ ಒಂದೇ ಒಂದು ಟಪ್ ಇಲ್ಲ. ಆ ಗಳಿಗೆಯಲ್ಲಿ ಅವರು ಸಂತೋಷದಿಂದ ಒಂದು ಸುತ್ತು ಕುಣಿದು, ಅಕ್ಕಿ ಡಬ್ಬಕ್ಕೆ ಮೊಣಕಾಲು ಬಡಿದುಕೊಂಡರು. ಖುಷಿಯಲ್ಲಿ ಹೆಡ್‌ಫೋನು ಸರಿಯಾಗಿ ಹಾಕಿಕೊಂಡು ಕೇಳುವುದೊಂದು ಮರೆಯಿತು.

ಶನಿವಾರ ಬೆಳಿಗ್ಗೆ ಎರಡನೇ ಮುದ್ರಣ. ಅಕ್ಕ ಹಾಡಿದರು. ಟಪ್ ಇರಲಿಲ್ಲ, ನಿಜ. ಆದರೆ ಕಡಲೆ ಹುರಿಯುವುದು ನಿಂತ ಮೇಲೆ, ಅದರ ಅಡಿಯಲ್ಲಿ ಇಷ್ಟು ದಿನ ಅಡಗಿದ್ದ ಇನ್ನೊಂದು ಸದ್ದು ಹೊರಗೆ ಬಂದಿತ್ತು. ‘ಗುಂಯ್’ ಎಂದು, ತಗ್ಗು ದನಿಯಲ್ಲಿ, ಹಾಡಿನ ಉದ್ದಕ್ಕೂ.

“ಫ್ರಿಜ್ಜು,” ಎಂದರು ಗುಮಾಸ್ತರು. “ನಮ್ಮದಲ್ಲ, ನಮ್ಮದು ಕೆಟ್ಟು ತಿಂಗಳಾಯ್ತು. ಮೇಲಿನ ಮನೇದು.”

ಅಕ್ಕ ಸ್ಲೇಟಿನ ಮೇಲೆ ‘ಮೊದಲು ಟೀ ಕುಡಿ’ ಎಂದು ಬರೆದು ತೋರಿಸಿದರು. ಅಷ್ಟರಲ್ಲಿ ಗುಮಾಸ್ತರು ಮೆಟ್ಟಿಲು ಹತ್ತಿಯಾಗಿತ್ತು.

ಅಂದಿನ ಶೋಧನೆಯ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ಪೂರ್ತಿ ವೈಜ್ಞಾನಿಕವಾಗಿತ್ತು. ಗುಮಾಸ್ತರು ಮೇಲ್ಮನೆಗೆ ಹೋಗಿ ಗಾರ್ಡರ ಫ್ರಿಜ್ಜು ಆರಿಸಿ, ಅದರ ಪಕ್ಕದಲ್ಲೇ ನಿಂತು, ಕಿಟಕಿಯಿಂದ ‘ಶುರು ಮಾಡು’ ಎಂದು ಕೂಗಿದರು. ಕೆಳಗೆ ಹೆಂಡತಿ ಕೆಂಪು ಗುಂಡಿ ಒತ್ತಿ, ರಾಗವಾಗಿ ಮೂರರ ಮಗ್ಗಿ ಹೇಳಿದರು. ಗುಮಾಸ್ತರು ಇಳಿದುಬಂದು ಕೇಳಿದರು. ಗುಂಯ್ ಇಲ್ಲ. ಅಪರಾಧ ಸಾಬೀತಾಯಿತು. ಖಚಿತಪಡಿಸಿಕೊಳ್ಳೋಣವೆಂದು, ಮೇಲಿನ ಫ್ರಿಜ್ಜು ಆರಿರುವಂತೆಯೇ, ತಾವು ಕುರ್ಚಿಯಲ್ಲಿ ಕುಳಿತು ಇನ್ನೊಮ್ಮೆ ಹೇಳಿಸಿದರು. ನಾಲ್ಕರ ಮಗ್ಗಿಯ ಅಡಿಯಲ್ಲಿ ಗುಂಯ್ ಮತ್ತೆ ಹಾಜರು.

ಹಾಗಾದರೆ ಕೆಳಮನೆ. ಅಲ್ಲಿದ್ದವರು ಐಸ್‌ಕ್ರೀಮ್ ವ್ಯಾಪಾರಿ. ಅವರ ಹಜಾರದಲ್ಲಿ ಆಳುದ್ದದ ಡೀಪ್ ಫ್ರೀಜರು. ಗುಮಾಸ್ತರು ಹೋಗಿ, ಅದನ್ನು ಆರಿಸಿ ಪಕ್ಕದಲ್ಲಿ ನಿಂತರು. ಐದರ ಮಗ್ಗಿ ಹಾಲಿನಷ್ಟು ಶುದ್ಧ. ವಾಪಸು ಬಂದು ಕುಳಿತರು. ಆರರ ಮಗ್ಗಿಗೆ ಗುಂಯ್. ನೀರೆತ್ತುವ ಪಂಪಿನ ಹತ್ತಿರ ಹೋದರು: ಇಲ್ಲ. ಬಂದರು: ಇದೆ. ಎದುರುಮನೆಯ ಕೂಲರು: ಇಲ್ಲ. ಬಂದರು: ಇದೆ. ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಹದಿಮೂರರ ಮಗ್ಗಿಗೆ ಬಂದು, ಅಲ್ಲಿಂದ ಮುಂದೆ ತಮಗೆ ಬರುವುದಿಲ್ಲವೆಂದರು. ಗಾರ್ಡರ ನೋಟ್ ಪುಸ್ತಕದಲ್ಲಿ ಎರಡು ಪುಟ ತುಂಬಿತ್ತು.

“ಗೊತ್ತಾಯ್ತು,” ಎಂದರು ಗುಮಾಸ್ತರು. “ಒಂದನ್ನ ನಿಲ್ಲಿಸಿದ್ರೆ ಇನ್ನೊಂದು ಶುರು ಮಾಡ್ತಿದೆ. ಸರದಿ ಪ್ರಕಾರ ಕೆಲಸ ಮಾಡ್ತಿವೆ ಇವು.”

“ರೀ, ನನಗೊಂದು ಅನ್ನಿಸ್ತಿದೆ,” ಎಂದರು ಹೆಂಡತಿ. “ನೀವು ಹೋದಾಗ ಇರಲ್ಲ. ನೀವು ಬಂದು ಕೂತಾಗ ಇರುತ್ತೆ.”

“ಅದನ್ನೇ ನಾನೂ ಹೇಳ್ತಿರೋದು. ನಾನು ಹೋಗಿ ಎದುರಿಗೆ ನಿಂತ ತಕ್ಷಣ ಸುಮ್ಮನಾಗ್ತವೆ. ಇಪ್ಪತ್ತು ವರ್ಷ ಸರ್ಕಾರಿ ಕೆಲಸ ಮಾಡಿದ್ದೀನಿ. ಸಾಹೇಬ್ರು ಬಂದು ನಿಂತಾಗ ಯಾರ್ಯಾರು ಹೇಗೆ ಸುಮ್ಮನಾಗ್ತಾರೆ ಅಂತ ನನಗೆ ಗೊತ್ತಿಲ್ವಾ?”

ಹೆಂಡತಿ ಅಕ್ಕನ ಮುಖ ನೋಡಿದರು. ಅಕ್ಕ ಮಫ್ಲರಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು, ಸ್ಲೇಟು ಒರೆಸುತ್ತಿದ್ದರು. ಅವರ ಭುಜ ಸಣ್ಣಗೆ ಕುಲುಕುತ್ತಿತ್ತು. ಕೆಮ್ಮಿರಬೇಕು ಎಂದುಕೊಂಡು ಗುಮಾಸ್ತರು ಬಿಸಿನೀರು ತಂದುಕೊಟ್ಟರು.

ಸಂಜೆಗೆ ಗಾರ್ಡರು ಲೈನ್‌ಮನ್ನನನ್ನೇ ಕರೆಸಿದರು. ಆತ ಕಂಬ ಹತ್ತಿದ, ಇಳಿದ, ಟೆಸ್ಟರು ಹಿಡಿದು ಕಟ್ಟಡದ ಪ್ಲಗ್ಗುಗಳಿಗೆಲ್ಲ ಚುಚ್ಚಿದ, ಲೈನು ಸರಿಯಾಗಿದೆ ಎಂದ. ಆಮೇಲೆ ಆ ಸದ್ದನ್ನೊಮ್ಮೆ ಕೇಳಿಸಿ ಎಂದು ಹೆಡ್‌ಫೋನು ಹಾಕಿಕೊಂಡು ಕಣ್ಣು ಮುಚ್ಚಿ ಕುಳಿತ.

“ಸಾರ್, ಇದು ಕರೆಂಟಿನ ಸದ್ದಲ್ಲ,” ಎಂದ. “ಕರೆಂಟು ಒಂದೇ ಸಮ ಗುಂಯ್ ಅನ್ನುತ್ತೆ. ಇದು ಏರುತ್ತೆ, ಇಳಿಯುತ್ತೆ. ನಡುವೆ ಉಸಿರು ಬೇರೆ ತಗೊಳ್ಳುತ್ತೆ.”

ವೋಲ್ಟೇಜ್ ಏರಿಳಿತವೆಂದರೆ ಹಾಗೆಯೇ ಇರುತ್ತದೆ ಎಂದು ಗುಮಾಸ್ತರು ಅವನಿಗೆ ತಿಳಿಹೇಳಿದರು. ಹದಿನೆಂಟು ವರ್ಷ ಕಂಬ ಹತ್ತಿದ್ದ ಆತ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು, ಅವರನ್ನೇ ಬಹಳ ಹೊತ್ತು ನೋಡಿದ.

ಉಳಿದಿದ್ದದ್ದು ಭಾನುವಾರ ಒಂದೇ, ಅಕ್ಕನ ಗಂಟಲಿನಲ್ಲಿ ಉಳಿದಿದ್ದದ್ದು ಒಂದೇ ಹಾಡು. ಬೆಳಿಗ್ಗೆ ಮೆಟ್ಟಿಲ ಮೇಲೆ ಸಂಘದ ತುರ್ತು ಸಭೆ ಸೇರಿತು. ಇಡೀ ಕಟ್ಟಡದ ಮೇನ್ ಸ್ವಿಚ್ಚನ್ನೇ ಹತ್ತು ನಿಮಿಷ ಆರಿಸಬೇಕೆಂದು ಗುಮಾಸ್ತರು ಕೈಮುಗಿದು ಕೇಳಿಕೊಂಡರು. ಎಲ್ಲರೂ ಐಸ್‌ಕ್ರೀಮ್ ವ್ಯಾಪಾರಿಯ ಕಡೆ ನೋಡಿದರು. ಅವರ ಫ್ರೀಜರು ಮೊದಲೇ ಹಳೆಯದು, ಒಮ್ಮೆ ನಿಂತರೆ ಮತ್ತೆ ಹೊರಡಲು ಅರ್ಧ ದಿನ ಸತಾಯಿಸುವಂಥದ್ದು. ಶನಿವಾರ ಒಂದು ಸಲ ಆರಿಸಿದ್ದಕ್ಕೇ ಮೇಲಿನ ಎರಡು ಸಾಲು ಮೆತ್ತಗಾಗಿದ್ದವು.

“ಆರಿಸಿ,” ಎಂದರು ಅವರು. “ನಮ್ಮಮ್ಮನ ದನಿ ನನ್ನ ಹತ್ರ ಒಂದು ಸಾಲೂ ಇಲ್ಲ.”

ಕರಗಿ ಹಾಳಾಗುವುದಕ್ಕಿಂತ ತಿನ್ನಲಿ ಎಂದು ಅವರು ಎಲ್ಲರ ಕೈಗೂ ಒಂದೊಂದು ಕಪ್ಪು ಕೊಟ್ಟರು. ಹನ್ನೊಂದು ಗಂಟೆಗೆ ಲೈನ್‌ಮನ್ ಮೇನ್ ಸ್ವಿಚ್ಚು ಇಳಿಸಿದ. ಫ್ಯಾನಿಲ್ಲದ ಮನೆಗಳಲ್ಲಿ ಕೂರಲಾರದೆ ಎಲ್ಲರೂ ಕಪ್ಪು ಹಿಡಿದುಕೊಂಡು ಗುಮಾಸ್ತರ ಮನೆಗೇ ಬಂದರು. ಉಗ್ರಾಣದ ಬಾಗಿಲಿನಿಂದ ಹಜಾರದವರೆಗೆ ಹದಿನಾರು ಜನ, ಮರದ ಚಮಚ ಬಾಯಿಗೆ ತಾಗಿದ ಸದ್ದೂ ಆಗದಂತೆ ಕುಳಿತರು. ಫ್ರಿಜ್ಜು, ಪಂಪು, ಫ್ಯಾನು, ಕೂಲರು ಎಲ್ಲವೂ ಮಲಗಿದ್ದವು. ಅಷ್ಟು ನಿಶ್ಶಬ್ದವನ್ನು ಆ ಕಟ್ಟಡ ಕಟ್ಟಿದ ಮೇಲೆ ಯಾರೂ ಕೇಳಿರಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ನಲವತ್ತು ನಿಮಿಷದಷ್ಟಿತ್ತು. ಗುಮಾಸ್ತರು ಹೆಡ್‌ಫೋನು ಏರಿಸಿ, ಕೆಂಪು ಗುಂಡಿ ಒತ್ತಿ, ಕಣ್ಣು ಮುಚ್ಚಿದರು. ಗಾರ್ಡರು ಪೆಟ್ಟಿಗೆಯಿಂದ ಹುಡುಕಿ ತಂದಿದ್ದ ಹಸಿರು ಬಾವುಟ ಬೀಸಿದರು.

ಅಕ್ಕ ಹಾಡಿದರು. ಚೊಂಬು ಮಲಗಿತು. ಚಾಪೆ ಮಲಗಿತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಹದಿನಾರು ಚಮಚಗಳು ಹದಿನಾರು ಬಾಯಿಗಳ ಮುಂದೆ ನಿಂತುಬಿಟ್ಟವು. ಕಣ್ಣು ಮುಚ್ಚಿ ತಲೆದೂಗುತ್ತಿದ್ದ ಗುಮಾಸ್ತರ ಮೂಗಿನಿಂದ, ಅಕ್ಕನ ಶ್ರುತಿಗಿಂತ ಅರ್ಧ ಮೆಟ್ಟಿಲು ಕೆಳಗೆ, ಆ ಗುಂಯ್ ಸರಾಗವಾಗಿ ಹೊರಟು ಬರುತ್ತಿತ್ತು. ಅಕ್ಕನ ದನಿ ಏರಿದಲ್ಲಿ ಅದೂ ಏರುತ್ತಿತ್ತು, ಅಕ್ಕ ಉಸಿರು ತೆಗೆದುಕೊಂಡಲ್ಲಿ ಅದೂ ತೆಗೆದುಕೊಳ್ಳುತ್ತಿತ್ತು. ಬಫರು ದೊಡ್ಡದಾಗಿದ್ದರಿಂದ ಹೆಡ್‌ಫೋನಿಗೆ ಅದು ಒಂದು ಚೂರು ತಡವಾಗಿ ತಲುಪುತ್ತಿತ್ತು. ಅದಕ್ಕೇ ಗುಮಾಸ್ತರಿಗೆ ಅದು ಬೇರೆ ಯಾರದೋ ಮನೆಯಿಂದ ಬಂದಂತೆ ಕೇಳುತ್ತಿತ್ತು. ಅವರು ಹುಬ್ಬು ಗಂಟಿಕ್ಕಿ, ಗುಂಯ್ ನಿಲ್ಲಿಸದೆಯೇ, ಯಾರದದು ಸದ್ದು ಎಂಬಂತೆ ಜನರ ಕಡೆ ಕೈಬೀಸಿ ಗದರಿದರು. ಗಾರ್ಡರು ತಡೆಯಲಾರದೆ ಕೆಂಪು ಬಾವುಟಕ್ಕೆ ಕೈಹಾಕಿದರು. ಅಕ್ಕ ಹಾಡುತ್ತಲೇ ಅವರ ಕಡೆ ತಿರುಗಿ, ಬೇಡ ಎಂದು ಕೈ ಎತ್ತಿದರು. ‘ನೀನೊಬ್ಬನೇ ಯಾಕೋ ಮಲಗಿಲ್ಲ’ ಎಂದು ಕೊನೆಯ ಸಾಲು ಹಾಡುವಾಗ ತಮ್ಮನ ಮುಖವನ್ನೇ ನೋಡುತ್ತಿದ್ದರು. ಹಾಡು ಮುಗಿಯಿತು, ಅವರ ದನಿಯೂ ಅಲ್ಲಿಗೆ ಮುಗಿಯಿತು.

ಗುಮಾಸ್ತರು ಹೆಡ್‌ಫೋನು ತೆಗೆದರು. ಮುಖ ಬಿಳಿಚಿಕೊಂಡಿತ್ತು.

“ಇನ್ನೂ ಇದೆ,” ಎಂದರು. “ಯಾರದೋ ಒಂದು ಇನ್ನೂ ಆನ್ ಇದೆ.”

ಎಲ್ಲರೂ ತಂತಮ್ಮ ಕಪ್ಪಿನೊಳಗೆ ನೋಡಿಕೊಂಡರು. ಲೈನ್‌ಮನ್ ಒಬ್ಬನೇ ಬಾಯಿಬಿಟ್ಟ.

“ಹೌದು ಸಾರ್, ಒಂದು ಆನ್ ಇದೆ. ಅದಕ್ಕೆ ಸ್ವಿಚ್ಚಿಲ್ಲ.”

ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಹೋಗುವಾಗ ಐಸ್‌ಕ್ರೀಮ್ ವ್ಯಾಪಾರಿ ಗುಮಾಸ್ತರ ಬೆನ್ನು ತಟ್ಟಿ, ಬಹಳ ಚೆನ್ನಾಗಿತ್ತು ಎಂದರು. ಕನಿಕರಕ್ಕೆ ಹೇಳಿದ್ದಾರೆ ಎಂದು ಗುಮಾಸ್ತರಿಗೆ ಇನ್ನಷ್ಟು ಸಂಕಟವಾಯಿತು. ಅಂದು ಸಂಜೆಯವರೆಗೂ ಸಾಫ್ಟ್‌ವೇರಿನ ಮುಂದೆ ಕುಳಿತು ಆ ಗುಂಯ್ಯನ್ನು ಅಳಿಸಲು ಹೆಣಗಿದರು. ಅದನ್ನು ಅಳಿಸಿದಲ್ಲೆಲ್ಲ ಅಕ್ಕನ ದನಿಯೂ ಅಳಿದು, ಹಾಡಿನಲ್ಲಿ ತೂತು ಬೀಳುತ್ತಿತ್ತು. ಸೋಮವಾರ ಬೆಳಿಗ್ಗೆ ಅಕ್ಕನನ್ನು ಒಳಗೆ ಕರೆದೊಯ್ಯುವಾಗ, ಹೇಗೆ ಬಂದಿದೆ ಎಂದು ಅವರು ಕಣ್ಣಲ್ಲೇ ಕೇಳಿದರು. ಗುಮಾಸ್ತರು ತಲೆ ತಗ್ಗಿಸಿ, ಚೆನ್ನಾಗಿದೆ ಎಂದು ಸುಳ್ಳು ಹೇಳಿದರು.

ಆಪರೇಷನ್ ಸರಿಯಾಗಿ ಆಯಿತು. ದನಿಯ ವಿಷಯ ಈಗಲೇ ಏನೂ ಹೇಳುವ ಹಾಗಿಲ್ಲ, ಹದಿನೈದು ದಿನ ಒಂದು ಅಕ್ಷರವೂ ಆಡಬಾರದು ಎಂದರು ಡಾಕ್ಟರು. ಬುಧವಾರ ಗುಮಾಸ್ತರು ಲ್ಯಾಪ್‌ಟಾಪು ಹೊತ್ತುಕೊಂಡು ವಾರ್ಡಿಗೆ ಹೋಗಿ, ಮಂಚದ ಪಕ್ಕ ಕುಳಿತು, ಇದ್ದದ್ದನ್ನು ಒಪ್ಪಿಕೊಂಡರು.

“ಅಕ್ಕ, ಎಲ್ಲ ಮಾಡಿ ನೋಡ್ದೆ. ಆ ಗುಂಯ್ ತೆಗೆದ್ರೆ ನಿನ್ನ ದನಿಯೂ ಹೋಗ್ತಿದೆ. ನನ್ನ ಕೈಲಾಗಲಿಲ್ಲ.”

ಅಕ್ಕ ದಿಂಬಿನ ಅಡಿಯಿಂದ ಸ್ಲೇಟು ತೆಗೆದರು. ‘ತೆಗೀಬೇಡ. ಅದು ನೀನು,’ ಎಂದು ಬರೆದರು.

ಗುಮಾಸ್ತರು ಸ್ಲೇಟನ್ನು ಎರಡು ಸಲ ಓದಿದರು. ಹೆಡ್‌ಫೋನು ಹಾಕಿಕೊಂಡು ಮೊದಲ ನುಡಿ ಕೇಳಿದರು. ಕಿವಿ ಕೆಂಪಾಯಿತು. ಮೇಲ್ಮನೆಯ ಫ್ರಿಜ್ಜು, ಕೆಳಮನೆಯ ಫ್ರೀಜರು, ಹದಿಮೂರರ ಮಗ್ಗಿ, ಹದಿನಾರು ಚಮಚಗಳು ಒಂದೊಂದಾಗಿ ಕಣ್ಣ ಮುಂದೆ ಬಂದು ನಿಂತವು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅಕ್ಕ ಸ್ಲೇಟು ಒರೆಸಿ ಮತ್ತೆ ಬರೆದಿದ್ದರು: ‘ಅಮ್ಮ ಹಾಡುವಾಗಲೂ ಮಡಿಲಲ್ಲಿ ಮಲಗಿ ಹೀಗೇ ಗುಂಯ್ ಅಂತಿದ್ದೆ. ಅದಿಲ್ಲದೆ ಈ ಹಾಡು ನಾನು ಕೇಳೇ ಇಲ್ಲ.’

“ಗುರುವಾರವೇ ಗೊತ್ತಿತ್ತಾ ನಿನಗೆ?” ಎಂದರು ಗುಮಾಸ್ತರು. “ಹೇಳಬಾರದಿತ್ತಾ? ಇಡೀ ಕಟ್ಟಡದ ಮೇನ್ ಆರಿಸಿಬಿಟ್ಟೆನಲ್ಲ ಅಕ್ಕ.”

ಅಕ್ಕ ಈ ಸಲ ನಿಧಾನವಾಗಿ, ದುಂಡಗೆ ಬರೆದರು: ‘ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ.’

ಗುಮಾಸ್ತರು ಹೆಡ್‌ಫೋನಿನ ಒಂದು ಕಡೆಯನ್ನು ಅಕ್ಕನ ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕಡೆಗೆ ತಮ್ಮ ಕಿವಿ ಕೊಟ್ಟು, ಹಾಡನ್ನು ಮೊದಲಿನಿಂದ ಹಾಕಿದರು. ಚೊಂಬು ಮಲಗಿತು, ಚಾಪೆ ಮಲಗಿತು. ಇಬ್ಬರೂ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನಲ್ಲಿ ಆ ಕಡೆಯಿಂದ ಬಂದ ನರ್ಸು ಬಾಗಿಲಲ್ಲೇ ನಿಂತು ಕಿವಿಗೊಟ್ಟರು. ಆಮೇಲೆ ಒಳಗೆ ಬಂದು, ಮಂಚದ ಪಕ್ಕದ ಯಂತ್ರಗಳಲ್ಲಿ ಗುಂಯ್ ಎನ್ನುತ್ತಿರುವುದು ಯಾವುದೆಂದು ಒಂದೊಂದಕ್ಕೇ ಬಗ್ಗಿ ನೋಡತೊಡಗಿದರು.